ಸ್ಲಾವಿಕ್–ಯುರೇಷ್ಯನ್ ಅಧ್ಯಯನದ ಪ್ರಾದೇಶಿಕ ಸಂಘ: ಬೀದರಿನ ಒಂದು ಪ್ರಬಂಧ ಹಿಡಿದು ಒಳಗೆ ಹೋದರೆ

ಹದಿನೈದನೇ ಶತಮಾನದಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆಯನ್ನು ಹಡಗಿಗೇರಿಸಿಕೊಂಡು ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಮಾತ್ರ ಮರಳಿ ಕೊಡುವೆನೆಂದ. ಹೇಗೋ ಅದು ಕೈಸೇರಿತು, ಕೊನೆಗೆ ಬೀದರಿನಲ್ಲಿ ಮಾರಾಟವಾಯಿತು. ಬಹಮನಿಗಳ ಆ ರಾಜಧಾನಿಯಲ್ಲಿ ತಿಂಗಳುಗಟ್ಟಲೆ ಇದ್ದ ನಿಕಿತಿನ್, ಸುಲ್ತಾನನ ಮೆರವಣಿಗೆಯಿಂದ ಹಿಡಿದು ಜನರ ಊಟದ ಕ್ರಮದವರೆಗೆ ಕಂಡದ್ದನ್ನು ಬರೆದಿಟ್ಟ. ಊರು ತಲುಪುವ ಮೊದಲೇ, ಸ್ಮೊಲೆನ್ಸ್ಕ್ ದಾರಿಯಲ್ಲಿ ತೀರಿಕೊಂಡ. ಬರಹ ಮಾತ್ರ ಉಳಿಯಿತು.

ಆ ಬರಹವನ್ನು ಓದುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಭಾಷೆ ಹಳೆಯ ರಷ್ಯನ್. ಆದರೆ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಸಿರಿಲಿಕ್ ಲಿಪಿಯಲ್ಲಿ ಬರುತ್ತವೆ, ಪ್ರಾರ್ಥನೆಗಳೂ ಹಾಗೆಯೇ. ಅಲ್ಲಿ ಮತ್ತೆ ಮತ್ತೆ ಕಾಣುವ 'ಮೆಲಿಕ್ ತುಚಾರ್' ಎಂಬಾತ ಮಲಿಕ್-ಉತ್-ತುಜ್ಜಾರ್, ಅಂದರೆ ಬಹಮನಿಗಳ ಮಂತ್ರಿ ಮಹಮೂದ್ ಗವಾನ್. ಸ್ಲಾವಿಕ್ ಭಾಷಾಶಾಸ್ತ್ರ ಬಲ್ಲವರಿಗೆ ಗವಾನ್ ಗೊತ್ತಿರುವುದಿಲ್ಲ, ದಖ್ಖನಿನ ಇತಿಹಾಸಕಾರರಿಗೆ ಹಳೆಯ ರಷ್ಯನ್ ಬರುವುದಿಲ್ಲ, ತುರ್ಕಿ ಬಲ್ಲವರು ಮೂರನೇ ಕಟ್ಟಡದಲ್ಲಿರುತ್ತಾರೆ. ಮೂವರೂ ಒಂದೇ ವಿಶ್ವವಿದ್ಯಾಲಯದಲ್ಲಿ ಸಿಗುವುದು ಅಪರೂಪ. ಅಂಥವರನ್ನು ವರ್ಷಕ್ಕೊಮ್ಮೆ ಒಂದು ಕೋಣೆಯಲ್ಲಿ ಕೂರಿಸುವುದಕ್ಕೇ ಸ್ಲಾವಿಕ್ ಮತ್ತು ಯುರೇಷ್ಯನ್ ಅಧ್ಯಯನದ ಸಂಘಗಳಿವೆ. ಅಮೆರಿಕದ ಪ್ರಾದೇಶಿಕ ಸಂಘಗಳನ್ನು ಉದಾಹರಣೆಯಾಗಿಟ್ಟುಕೊಂಡು ಅವು ನಡೆಯುವ ಬಗೆಯನ್ನು ನೋಡೋಣ.

ಮೊದಲು ಹೆಸರು. 'ಸ್ಲಾವಿಕ್' ಎಂಬುದು ಭಾಷಾಕುಟುಂಬ: ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್, ಪೋಲಿಷ್, ಚೆಕ್, ಸ್ಲೊವಾಕ್, ಬಲ್ಗೇರಿಯನ್, ಸರ್ಬಿಯನ್, ಕ್ರೊಯೇಷಿಯನ್, ಸ್ಲೊವೇನಿಯನ್ ಮುಂತಾದವು. ಸಂಘದ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಹಂಗೇರಿಯನ್, ರೊಮೇನಿಯನ್, ಎಸ್ಟೋನಿಯನ್ ಸ್ಲಾವಿಕ್ ಅಲ್ಲ, ಆದರೂ ಒಳಗಿವೆ. ಜಾರ್ಜಿಯಾ, ಆರ್ಮೇನಿಯಾ, ಕಜಾಕಸ್ತಾನ, ಉಜ್ಬೇಕಿಸ್ತಾನಗಳೂ ಇವೆ. ಅವನ್ನು ಸೇರಿಸಿಕೊಳ್ಳಲು ಬಂದ ಪದವೇ 'ಯುರೇಷಿಯಾ'. 1920ರ ದಶಕದಲ್ಲಿ ದೇಶ ಬಿಟ್ಟ ಕೆಲವು ರಷ್ಯನ್ ಚಿಂತಕರು 'ಯುರೇಷ್ಯನ್‌ವಾದ' ಎಂಬ ರಾಜಕೀಯ ವಿಚಾರವನ್ನು ಕಟ್ಟಿದರು, ಇಂದಿನ ರಷ್ಯಾದಲ್ಲಿ ಅದಕ್ಕೆ ಹೊಸ ವಾರಸುದಾರರಿದ್ದಾರೆ. ಸಂಘದ ಹೆಸರಿನಲ್ಲಿರುವ ಯುರೇಷಿಯಾಗೂ ಆ ವಾದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು ಭೂಗೋಳದ ಗುರುತು, ಅಷ್ಟೇ.

ಹುಟ್ಟಿದ್ದು ಶೀತಲ ಸಮರದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ರಷ್ಯನ್ ಸಂಸ್ಥೆ 1946ರಲ್ಲಿ, ಹಾರ್ವರ್ಡಿನ ರಷ್ಯನ್ ಸಂಶೋಧನಾ ಕೇಂದ್ರ 1948ರಲ್ಲಿ ಶುರುವಾದವು. ಅದೇ 1948ರಲ್ಲಿ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕ ಸರ್ಕಾರ ಬೆಚ್ಚಿತು. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಆರನೇ ಅಧ್ಯಾಯ ವಿದೇಶಿ ಭಾಷೆಗಳಿಗೂ ಪ್ರದೇಶಾಧ್ಯಯನ ಕೇಂದ್ರಗಳಿಗೂ ಹಣ ಹರಿಸಿತು. ಈ ಹಣದಿಂದ ತರಬೇತಾದ ಪ್ರಾಧ್ಯಾಪಕರು ನ್ಯೂಯಾರ್ಕ್, ಬಾಸ್ಟನ್ ಬಿಟ್ಟು ಮಿಸೌರಿ, ಕ್ಯಾನ್ಸಸ್, ಜಾರ್ಜಿಯಾ, ಅಲಬಾಮಾದ ಕಾಲೇಜುಗಳಿಗೆ ಹೋಗಿ ಸೇರಿದರು. ಇಡೀ ಕಾಲೇಜಿಗೆ ರಷ್ಯಾದ ಇತಿಹಾಸ ಗೊತ್ತಿದ್ದವರು ಒಬ್ಬರೇ. ಮಾತಾಡಲು ಜೊತೆಯಿಲ್ಲ, ದೊಡ್ಡ ಗ್ರಂಥಾಲಯವಿಲ್ಲ, ಪೂರ್ವ ಕರಾವಳಿಗೆ ಹೋಗಿಬರಲು ದುಡ್ಡಿಲ್ಲ. ಪ್ರಾದೇಶಿಕ ಸಂಘಗಳನ್ನು ಕಟ್ಟಿಸಿದ್ದು ಈ ಒಂಟಿತನ. 1962ರಲ್ಲಿ ದಕ್ಷಿಣದ ರಾಜ್ಯಗಳಿಗೆ ಸದರ್ನ್ ಕಾನ್ಫರೆನ್ಸ್ ಆನ್ ಸ್ಲಾವಿಕ್ ಸ್ಟಡೀಸ್ ಹುಟ್ಟಿತು. ಮಧ್ಯಭಾಗದಲ್ಲಿ ಅದೇ ವರ್ಷ 'ಬೈ-ಸ್ಟೇಟ್' ಅಂದರೆ ಎರಡು ರಾಜ್ಯಗಳ ಕೂಟವಾಗಿ ಶುರುವಾದದ್ದು, ಬೆಳೆದು ಸೆಂಟ್ರಲ್ ಸ್ಲಾವಿಕ್ ಕಾನ್ಫರೆನ್ಸ್ ಆಯಿತು. ರಾಷ್ಟ್ರೀಯ ಸಂಘ 2010ರಲ್ಲಿ ಹೆಸರು ಬದಲಿಸಿಕೊಂಡು 'ಸ್ಲಾವಿಕ್, ಪೂರ್ವ ಯುರೋಪಿಯನ್ ಮತ್ತು ಯುರೇಷ್ಯನ್ ಅಧ್ಯಯನ ಸಂಘ' ಎಂದಾಯಿತು. ಈಗ ಅದರ ಕಚೇರಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದೆ.

ಪ್ರಾದೇಶಿಕ ಸಂಘವನ್ನು ರಾಷ್ಟ್ರೀಯ ಸಂಘದ ಶಾಖೆ ಎಂದು ತಿಳಿಯುವವರು ಬಹಳ. ಅದು ಶಾಖೆಯಲ್ಲ. ತನ್ನದೇ ನಿಯಮಾವಳಿ, ತನ್ನದೇ ಚಂದಾ, ತನ್ನದೇ ಸಮ್ಮೇಳನ ಇರುವ ಸ್ವತಂತ್ರ ಸಂಸ್ಥೆ ಅದು. ರಾಷ್ಟ್ರೀಯ ಸಂಘದೊಂದಿಗೆ ಇರುವುದು ಸಂಯೋಜನೆ ಮಾತ್ರ. ಒಂದಕ್ಕೆ ಕಟ್ಟಿದ ಚಂದಾ ಇನ್ನೊಂದಕ್ಕೆ ಸಲ್ಲುವುದಿಲ್ಲ. ಪ್ರದೇಶದ ಹೊರಗಿನವರು, ಬೇರೆ ದೇಶದವರು ಸಹ ಪ್ರಬಂಧ ಕಳಿಸಬಹುದು.

ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ

ಸಂಬಳದ ನೌಕರರು ಇರುವುದಿಲ್ಲ. ಅಧ್ಯಕ್ಷ, ಮುಂದಿನ ವರ್ಷ ಅಧ್ಯಕ್ಷರಾಗುವ ಉಪಾಧ್ಯಕ್ಷ, ಕಾರ್ಯದರ್ಶಿ-ಖಜಾಂಚಿ, ನಾಲ್ಕೈದು ಮಂದಿ ಕಾರ್ಯಕಾರಿ ಸದಸ್ಯರು, ಇಷ್ಟೇ ತಂಡ. ಎಲ್ಲರೂ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ದುಡಿಯುವವರು. ಅಧ್ಯಕ್ಷರು ಬದಲಾಗುತ್ತಿರುತ್ತಾರೆ, ಕಾರ್ಯದರ್ಶಿ-ಖಜಾಂಚಿ ಮಾತ್ರ ಹಲವು ವರ್ಷ ಅದೇ ಕುರ್ಚಿಯಲ್ಲಿರುತ್ತಾರೆ. ಸದಸ್ಯರ ಪಟ್ಟಿ, ಬ್ಯಾಂಕ್ ಖಾತೆ, ತೆರಿಗೆ ವಿನಾಯಿತಿಯ ಕಾಗದ, ಹೋಟೆಲಿನೊಂದಿಗಿನ ಪತ್ರವ್ಯವಹಾರ ಎಲ್ಲವೂ ಅವರ ಬಳಿ. ಒಂದು ಸಂಘ ಸೊರಗುತ್ತಿದೆ ಎಂದರೆ ಅನೇಕ ಸಲ ಕಾರಣ ಇಲ್ಲೇ ಸಿಗುತ್ತದೆ: ಆ ಹುದ್ದೆ ಕೈಬದಲಾಯಿಸುವಾಗ ಖಾತೆಯ ಪಾಸ್‌ವರ್ಡ್, ಪಟ್ಟಿ, ಹಳೆಯ ಒಪ್ಪಂದ ಮುಂದಿನವರಿಗೆ ತಲುಪಿರುವುದಿಲ್ಲ.

ಆದಾಯ ಮೂರು ಕಡೆಯಿಂದ: ಚಂದಾ, ಸಮ್ಮೇಳನದ ನೋಂದಣಿ ಶುಲ್ಕ, ಆತಿಥ್ಯ ವಹಿಸುವ ವಿಶ್ವವಿದ್ಯಾಲಯದ ನೆರವು. ಖರ್ಚಿನಲ್ಲಿ ನಿಜವಾದ ಅಪಾಯ ಹೋಟೆಲ್ ಒಪ್ಪಂದದ ಒಂದು ಷರತ್ತಿನಲ್ಲಿದೆ. ರಿಯಾಯಿತಿ ದರಕ್ಕೆ ಕೋಣೆಗಳನ್ನು ಕಾಯ್ದಿರಿಸಿದರೆ, ಅದರಲ್ಲಿ ಇಂತಿಷ್ಟು ಭಾಗ ಭರ್ತಿಯಾಗಲೇಬೇಕು, ಕಡಿಮೆಯಾದದ್ದನ್ನು ಸಂಘ ತುಂಬಿಕೊಡಬೇಕು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: 50 ಕೋಣೆ, 2 ರಾತ್ರಿ, ಒಟ್ಟು 100 ಕೋಣೆ-ರಾತ್ರಿ. ಷರತ್ತು 80 ಪ್ರತಿಶತ. ಭರ್ತಿಯಾದದ್ದು 62. ಕೊರತೆ 18. ದರ 150 ಡಾಲರ್ ಇದ್ದರೆ 2,700 ಡಾಲರ್ ಸಂಘದ ಖಾತೆಯಿಂದ ಹೋಗುತ್ತದೆ. ವಿದ್ಯಾರ್ಥಿಗಳ ಪ್ರಯಾಣಕ್ಕೆಂದು ಕೂಡಿಟ್ಟ ಹಣವೇ ಇದಕ್ಕೆ ಆಹುತಿಯಾಗುವುದುಂಟು. ಪ್ರತಿನಿಧಿಗಳು ಇಂಟರ್‌ನೆಟ್ಟಿನಲ್ಲಿ ಇನ್ನೂ ಅಗ್ಗದ ಕೋಣೆ ಹುಡುಕಿ ಪಕ್ಕದ ಬೀದಿಯಲ್ಲಿ ಉಳಿದುಕೊಂಡಾಗ ಈ ಕೊರತೆ ಹುಟ್ಟುತ್ತದೆ. ಆದ್ದರಿಂದ ಕೈಲಾದವರು ಸಂಘ ಕಾಯ್ದಿರಿಸಿದ ಕೋಣೆಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಅನುಭವವಿರುವ ಖಜಾಂಚಿಗಳು ಕಡಿಮೆ ಕೋಣೆ ಹಿಡಿದು, ಬೇಡಿಕೆ ಬಂದಂತೆ ಹೆಚ್ಚಿಸುವ ಅವಕಾಶವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತಾರೆ.

ವರ್ಷದ ಚಕ್ರ

ಸದರ್ನ್ ಕಾನ್ಫರೆನ್ಸ್ ವಸಂತದಲ್ಲಿ, ಬೇರೆಬೇರೆ ಊರುಗಳಲ್ಲಿ ಸೇರುತ್ತದೆ. ಮಿಡ್‌ವೆಸ್ಟ್ ಕೂಟವೂ ವಸಂತದಲ್ಲೇ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಸೆಂಟ್ರಲ್ ಕಾನ್ಫರೆನ್ಸ್ ಶರತ್ಕಾಲದಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ. ರಾಷ್ಟ್ರೀಯ ಸಮ್ಮೇಳನ ನವೆಂಬರ್ ಹೊತ್ತಿಗೆ. ಈ ಕ್ರಮ ತಿಳಿದವರಿಗೆ ಲಾಭವಿದೆ. ರಾಷ್ಟ್ರೀಯ ಸಮ್ಮೇಳನದ ಪ್ರಸ್ತಾವನೆ ವರ್ಷದ ಆರಂಭದಲ್ಲೇ ಸಲ್ಲಬೇಕು, ಆಗ ಪ್ರಬಂಧ ಇನ್ನೂ ಬರೆದೇ ಇರುವುದಿಲ್ಲ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಪ್ರಾದೇಶಿಕ ಸಮ್ಮೇಳನದಲ್ಲಿ ಮೊದಲ ಕರಡು ಓದಿದರೆ, ಟೀಕೆ ಕೇಳಿಸಿಕೊಂಡು ತಿದ್ದಲು ಏಳು ತಿಂಗಳು ಸಿಗುತ್ತದೆ. ಸಾವಿರಾರು ಜನ ಸೇರುವ ನವೆಂಬರ್ ಕೂಟದಲ್ಲಿ ಒಂದೇ ಹೊತ್ತಿಗೆ ಹತ್ತಾರು ಗೋಷ್ಠಿಗಳು ನಡೆಯುತ್ತವೆ, ಹೊಸಬರ ಗೋಷ್ಠಿಗೆ ಐದು ಜನ ಬಂದರೆ ಹೆಚ್ಚು. ಪ್ರಾದೇಶಿಕ ಕೂಟದಲ್ಲಿ ಹದಿನೈದು ಜನರ ಕೋಣೆಯಲ್ಲಿ, ಮೂವತ್ತು ವರ್ಷ ಆ ವಿಷಯ ಓದಿದವರೊಬ್ಬರು ಮುಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೂ ಕೇಳುತ್ತಾರೆ. ಸಂಶೋಧನೆಯ ದಾರಿ ಹಿಡಿದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಪ್ರಸ್ತಾವನೆ ಬರೆಯುವುದು

ನಿಕಿತಿನ್ ಕಂಡ ಬೀದರಿನ ಬಗ್ಗೆ ನೀವು ಒಂದು ಪ್ರಬಂಧ ಕಳಿಸುತ್ತೀರೆಂದು ಇಟ್ಟುಕೊಳ್ಳಿ. ಬೇಕಾದದ್ದು ಶೀರ್ಷಿಕೆ, ಸುಮಾರು 250 ಪದಗಳ ಸಾರಾಂಶ, ಒಂದು ಪುಟದ ಸ್ವಪರಿಚಯ. ಒಬ್ಬರೇ ಪ್ರಬಂಧ ಕಳಿಸಬಹುದು, ಇಲ್ಲವೇ ಮೂವರು ಸೇರಿ ಪೂರ್ತಿ ಗೋಷ್ಠಿಯನ್ನೇ ಕಟ್ಟಿ ಕಳಿಸಬಹುದು. ಎರಡನೆಯದಕ್ಕೆ ಸ್ವೀಕಾರದ ಸಾಧ್ಯತೆ ಹೆಚ್ಚು. ಬಿಡಿ ಪ್ರಬಂಧಗಳನ್ನು ಜೋಡಿಸುವಾಗ ಕಾರ್ಯಕ್ರಮ ಸಮಿತಿ ನಿಕಿತಿನ್ ಪಕ್ಕದಲ್ಲಿ ಸೋವಿಯತ್ ಟ್ರಾಕ್ಟರ್ ಕಾರ್ಖಾನೆಯನ್ನು ಕೂರಿಸಬೇಕಾದ ಸ್ಥಿತಿ ಬರುತ್ತದೆ.

'ನಿಕಿತಿನ್‌ನ ಬರಹದಲ್ಲಿ ಭಾರತದ ಚಿತ್ರಣ' ಎಂದು ಬರೆದರೆ ಪ್ರಸ್ತಾವನೆ ಸೋಲುತ್ತದೆ. ಅದು ವಿಷಯ, ವಾದವಲ್ಲ. 'ನಿಕಿತಿನ್ ಬೀದರಿನ ಅಧಿಕಾರ ವ್ಯವಸ್ಥೆಯನ್ನು ವಿವರಿಸುವಾಗ ತುರ್ಕಿ-ಪಾರಸಿ ಪದಗಳಿಗೆ ಹೊರಳುತ್ತಾನೆ, ಮಾರುಕಟ್ಟೆಯ ಬೆಲೆ ಹೇಳುವಾಗ ಏನು ಮಾಡುತ್ತಾನೆ? ಈ ಹೊರಳುವಿಕೆಗೆ ಕ್ರಮವಿದೆಯೇ?' ಎಂದು ಕೇಳಿದರೆ ಪ್ರಶ್ನೆ ಹುಟ್ಟುತ್ತದೆ. ಜೊತೆಗೆ ಯಾವ ಹಸ್ತಪ್ರತಿ ಪಾಠವನ್ನು ಬಳಸುತ್ತೀರಿ ಎಂದು ಹೇಳಲೇಬೇಕು, ಏಕೆಂದರೆ ಈ ಬರಹ ಬೇರೆಬೇರೆ ಪ್ರತಿಗಳಲ್ಲಿ ಉಳಿದಿದೆ, ಅವು ಎಲ್ಲ ಕಡೆ ಒಂದೇ ತೆರನಾಗಿಲ್ಲ. ಸಾರಾಂಶದ ನಾಲ್ಕು ಕೆಲಸಗಳು ಇವೇ: ಪ್ರಶ್ನೆ, ಆಕರ, ವಿಧಾನ, ಸಿಗಬಹುದಾದ ಉತ್ತರ. ಹಿಂದಿನ ಸಂಶೋಧನೆಯ ಸಮೀಕ್ಷೆಗೆ ಎರಡು ಸಾಲು ಸಾಕು. ತಿರಸ್ಕಾರವಾಗುವ ಸಾರಾಂಶಗಳಲ್ಲಿ ಹಲವು ಈ ಸಮೀಕ್ಷೆಯಲ್ಲೇ 200 ಪದ ಕಳೆದಿರುತ್ತವೆ.

ಗೋಷ್ಠಿಯ 105 ನಿಮಿಷ

ವಾಡಿಕೆಯ ಗೋಷ್ಠಿ ಒಂದೂಮುಕ್ಕಾಲು ಗಂಟೆ. ಒಬ್ಬ ಅಧ್ಯಕ್ಷರು, ಮೂವರು ಪ್ರಬಂಧಕಾರರು, ಮೂರನ್ನೂ ಮೊದಲೇ ಓದಿಕೊಂಡು ಬಂದು ವಿಮರ್ಶಿಸುವ ಒಬ್ಬರು. ಈ ಕೊನೆಯವರನ್ನು 'ಡಿಸ್ಕಸಂಟ್' ಎನ್ನುತ್ತಾರೆ. ಪರಿಚಯಕ್ಕೆ 5 ನಿಮಿಷ, ಪ್ರಬಂಧಕ್ಕೆ 20ರಂತೆ 60, ಡಿಸ್ಕಸಂಟ್‌ಗೆ 15, ಉಳಿದ 25 ಸಭೆಯ ಪ್ರಶ್ನೆಗಳಿಗೆ. ದುಂಡುಮೇಜಿನ ಚರ್ಚೆ ಬೇರೆ ಬಗೆ. ಅಲ್ಲಿ ಪ್ರಬಂಧ ಓದುವುದಿಲ್ಲ, ನಾಲ್ಕೈದು ಜನ ತಲಾ ಕೆಲವು ನಿಮಿಷ ಮಾತಾಡಿ ಚರ್ಚೆಗೆ ಬಿಡುತ್ತಾರೆ.

ಇಂಗ್ಲಿಷಿನಲ್ಲಿ 20 ನಿಮಿಷಕ್ಕೆ ಸುಮಾರು 2,500 ಪದ, ಎರಡು ಸಾಲಿನ ಅಂತರದಲ್ಲಿ 8ರಿಂದ 10 ಪುಟ. ಇಂಗ್ಲಿಷ್ ಮನೆಮಾತಲ್ಲದವರು 2,200ಕ್ಕೆ ನಿಲ್ಲಿಸಿದರೆ ಉಸಿರಾಡಲು ಜಾಗವಿರುತ್ತದೆ. ಎಡವುವುದು ಹೀಗೆ: ಪ್ರೌಢಪ್ರಬಂಧದ 35 ಪುಟದ ಅಧ್ಯಾಯವನ್ನೇ ತಂದು, ಓದುತ್ತಾ ಓದುತ್ತಾ ಪ್ಯಾರಾ ಹಾರಿಸುವುದು. ಹಾರಿದ ಪ್ಯಾರಾಗಳಲ್ಲೇ ಸಾಕ್ಷ್ಯವಿರುತ್ತದೆ. ಕೇಳುವವರಿಗೆ ತೀರ್ಮಾನ ಮಾತ್ರ ಸಿಗುತ್ತದೆ, ಆಧಾರ ಸಿಗುವುದಿಲ್ಲ. ಒಬ್ಬರು 30 ನಿಮಿಷ ತೆಗೆದುಕೊಂಡರೆ ನಷ್ಟ ಕೊನೆಯ ಪ್ರಬಂಧಕಾರರಿಗೆ, ಸಾಮಾನ್ಯವಾಗಿ ಅವರೇ ಅಲ್ಲಿ ಅತ್ಯಂತ ಕಿರಿಯರು. ಇದು ಅನ್ಯಾಯ. ಅದನ್ನು ತಡೆಯುವುದು ಅಧ್ಯಕ್ಷರ ಮುಖ್ಯ ಕೆಲಸ. 5 ನಿಮಿಷ, 1 ನಿಮಿಷ ಎಂದು ಬರೆದ ಚೀಟಿ ತೋರಿಸಿ, ಆಮೇಲೆ ಎದ್ದು ನಿಲ್ಲಬೇಕು.

ಡಿಸ್ಕಸಂಟ್‌ಗೆ ಪ್ರಬಂಧ ಎರಡು ವಾರ ಮೊದಲು ತಲುಪಬೇಕು. ಹಿಂದಿನ ರಾತ್ರಿ ಕಳಿಸಿದರೆ, ಅವರಿಗೆ ಸಿಗುವುದು ವಿಮಾನದ ಒಂದು ಗಂಟೆ, ಬರುವ ಟೀಕೆಯೂ ಅಷ್ಟೇ ತೆಳು. ನಿಕಿತಿನ್‌ನಂಥ ವಿಷಯಕ್ಕೆ ಡಿಸ್ಕಸಂಟನ್ನು ಆರಿಸುವಾಗ ಮೂರು ಪ್ರಬಂಧಕಾರರಿಗೆ ಬಾರದ ಭಾಷೆ ಬಲ್ಲವರನ್ನು ಹುಡುಕಬೇಕು. ಮೂವರೂ ರಷ್ಯನ್ ಬಲ್ಲವರಾದರೆ, ಪಾರಸಿ ಆಕರಗಳಿಂದ ಬಹಮನಿಗಳನ್ನು ಓದಿದವರೇ ಅಲ್ಲಿ ಬೇಕಾದವರು.

ಪ್ರಬಂಧ ಸಿಕ್ಕಿಬೀಳುವ ಜಾಗಗಳು

ಹೆಸರು, ತಾರೀಖು, ಪತ್ರಾಗಾರದ ಉಲ್ಲೇಖ. ಒಳ್ಳೆಯ ವಾದವಿದ್ದೂ ಪ್ರಬಂಧಗಳು ಸೋಲುವುದು ಈ ಮೂರು ಕಡೆ.

ಸಿರಿಲಿಕ್ಕನ್ನು ರೋಮನ್ ಲಿಪಿಗೆ ತರಲು ಅಮೆರಿಕದ ಈ ವಲಯದಲ್ಲಿ ಬಳಸುವುದು ಲೈಬ್ರರಿ ಆಫ್ ಕಾಂಗ್ರೆಸ್‌ನ ಪದ್ಧತಿ. ಅದರಲ್ಲಿ ಮೃದುಚಿಹ್ನೆಗೂ, ಅಂದರೆ ಹಿಂದಿನ ವ್ಯಂಜನವನ್ನು ಮೃದುವಾಗಿ ನುಡಿಯಬೇಕೆಂದು ತೋರಿಸುವ ಅಕ್ಷರಕ್ಕೂ, ಗುರುತಿದೆ. ಬೀದರಿಗೆ ನಿಕಿತಿನ್ ಬರೆದ 'ಬೆದೇರ್'ನ ಕೊನೆಯಲ್ಲಿ ಅಂಥ ಚಿಹ್ನೆಯಿದೆ, ಉಲ್ಲೇಖಿಸುವಾಗ ಬಿಡುವಂತಿಲ್ಲ. ಒಂದೇ ಅಕ್ಷರ ಎರಡು ಭಾಷೆಯಲ್ಲಿ ಎರಡು ಧ್ವನಿಯಾಗುತ್ತದೆ: ರಷ್ಯನ್ನಿನ 'ಗ' ಉಕ್ರೇನಿಯನ್ನಿನಲ್ಲಿ 'ಹ'. ಲೇಖಕ ಗೊಗೊಲ್ ಹೆಸರು ರಷ್ಯನ್ನಿನಲ್ಲಿ ಗೊಗೊಲ್, ಉಕ್ರೇನಿಯನ್ನಿನಲ್ಲಿ ಹೊಹೊಲ್. ಉಕ್ರೇನಿನ ಊರುಗಳನ್ನು ರಷ್ಯನ್ ಪಟ್ಟಿಯಿಂದ ಲಿಪ್ಯಂತರಿಸುವುದು ಹಳೆಯ ಚಾಳಿ, ಈಗ ಅದು ತಪ್ಪೆಂದೇ ಎಣಿಕೆ. ಕನ್ನಡದಲ್ಲಿ ಬರೆಯುವವರಿಗೂ ಈ ತೊಡಕಿದೆ. 'ಪ್ಲೆಷರ್' ಎನ್ನುವಾಗ ನಡುವೆ ಬರುವ ಧ್ವನಿ ರಷ್ಯನ್ನಿನಲ್ಲಿ ಹೆಜ್ಜೆಹೆಜ್ಜೆಗೆ ಬರುತ್ತದೆ, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. 'ಝ' ಬರೆದರೆ ಮಹಾಪ್ರಾಣವಾಗುತ್ತದೆ, 'ಜ' ಬರೆದರೆ ಬೇರೆಯೇ ಧ್ವನಿ. ಯಾವುದನ್ನು ಆರಿಸಿದರೂ ಕೊನೆಯವರೆಗೂ ಅದನ್ನೇ ಬಳಸುವುದು ಮುಖ್ಯ.

ತಾರೀಖಿನ ಗೋಜಲು ಇನ್ನೂ ಆಳ. ರಷ್ಯಾ 1918ರವರೆಗೂ ಜೂಲಿಯನ್ ಪಂಚಾಂಗ ಬಳಸಿತು. ಆ ವರ್ಷ ಜನವರಿ 31ರ ಮರುದಿನ ಫೆಬ್ರವರಿ 14. ನಮ್ಮ ಪಂಚಾಂಗಕ್ಕೆ ಹೊಂದಿಸಲು 18ನೇ ಶತಮಾನದ ತಾರೀಖಿಗೆ 11, 19ಕ್ಕೆ 12, 20ಕ್ಕೆ 13 ದಿನ ಕೂಡಿಸಬೇಕು. ಪುಷ್ಕಿನ್ ತೀರಿಕೊಂಡದ್ದು ಹಳೆಯ ಲೆಕ್ಕದಲ್ಲಿ 1837ರ ಜನವರಿ 29, ಹೊಸ ಲೆಕ್ಕದಲ್ಲಿ ಫೆಬ್ರವರಿ 10. ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬರುವುದೂ ಇದರಿಂದಲೇ. ಪೀಟರ್ ದೊರೆ 1700ರಲ್ಲಿ ಬದಲಿಸುವ ಮುನ್ನ ವರ್ಷವನ್ನೇ ಜಗತ್ತಿನ ಸೃಷ್ಟಿಯಿಂದ ಎಣಿಸುತ್ತಿದ್ದರು. ನಿಕಿತಿನ್‌ನ ಬರಹ ದೊರಕಿತೆಂದು ವೃತ್ತಾಂತಕಾರ ದಾಖಲಿಸಿದ್ದು 6983ನೇ ವರ್ಷದಲ್ಲಿ. 5508 ಕಳೆದರೆ 1475. ಆದರೆ ವರ್ಷ ಸೆಪ್ಟೆಂಬರಿನಿಂದ ಶುರುವಾಗುವ ಎಣಿಕೆಯಾದರೆ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗಿನ ಘಟನೆಗಳಿಗೆ 5509 ಕಳೆಯಬೇಕು. ನಿಕಿತಿನ್ ಬೀದರಿನಲ್ಲಿದ್ದ ವರ್ಷಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಹೀಗಾಗಿ 'ಇಂಥ ವರ್ಷ' ಎಂದು ಖಚಿತವಾಗಿ ಬರೆದವರನ್ನು ಮೊದಲ ಪ್ರಶ್ನೆಯೇ ಹಿಡಿಯುತ್ತದೆ. ಯಾರ ಕಾಲನಿರ್ಣಯವನ್ನು ಒಪ್ಪಿದ್ದೀರಿ, ಏಕೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿ ಮುಂದೆ ಹೋಗಬೇಕು.

ರಷ್ಯನ್ ಪತ್ರಾಗಾರದ ಉಲ್ಲೇಖ ನಾಲ್ಕು ಮೆಟ್ಟಿಲಿನದು: ಫೋಂದ್ ಅಂದರೆ ಸಂಗ್ರಹ, ಓಪಿಸ್ ಅಂದರೆ ಪಟ್ಟಿ, ದೇಲೊ ಅಂದರೆ ಕಡತ, ಲಿಸ್ತ್ ಅಂದರೆ ಹಾಳೆ. ಹಾಳೆಯ ಹಿಂಬದಿಯಾದರೆ 'ಒಬೊರೋತ್' ಎಂದು ಸೇರಿಸಬೇಕು. ಅಲ್ಲಿ ಎಣಿಸುವುದು ಪುಟವನ್ನಲ್ಲ, ಹಾಳೆಯನ್ನು. ಉಕ್ರೇನಿನಲ್ಲಿ ಕಡತ 'ಸ್ಪ್ರಾವ', ಹಾಳೆ 'ಆರ್ಕುಷ್'. ಕೀವ್ ಪತ್ರಾಗಾರದ ಕಡತಕ್ಕೆ ರಷ್ಯನ್ ಸಂಕ್ಷೇಪಗಳನ್ನು ಹಾಕಿದರೆ, ಲೇಖಕರು ಮೂಲ ಕಡತ ನೋಡಿದ್ದಾರೋ ಇಲ್ಲವೋ ಎಂಬ ಅನುಮಾನ ಓದುವವರಲ್ಲಿ ಹುಟ್ಟುತ್ತದೆ.

2022ರ ನಂತರ

ಫೆಬ್ರವರಿ 24, 2022ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಶುರು ಮಾಡಿದ ಮೇಲೆ ಈ ಇಡೀ ಅಧ್ಯಯನಕ್ಷೇತ್ರ ತನ್ನನ್ನೇ ಪ್ರಶ್ನಿಸಿಕೊಂಡಿದೆ. ಹೆಸರಿಗೆ ಎಲ್ಲರನ್ನೂ ಒಳಗೊಂಡು, ಪಾಠಪಟ್ಟಿಯಲ್ಲಿ ರಷ್ಯಾ ಒಂದನ್ನೇ ತುಂಬಿದ್ದೇವೆಯೇ? ರಾಷ್ಟ್ರೀಯ ಸಂಘ 2023ರ ಫಿಲಡೆಲ್ಫಿಯಾ ಸಮ್ಮೇಳನಕ್ಕೆ ಆರಿಸಿಕೊಂಡ ವಿಷಯವೇ ವಸಾಹತುಮುಕ್ತಿ. ಈ ಚರ್ಚೆ ತಡವಾಗಿ ಬಂತು, ಬರಲೇಬೇಕಿತ್ತು. ಅದರ ಪರಿಣಾಮ ಸಣ್ಣ ಸಂಗತಿಗಳಲ್ಲಿ ಹೆಚ್ಚು ಕಾಣುತ್ತದೆ: ರಷ್ಯಾಕ್ಕೆ ಹೋಗುವುದು ಕಷ್ಟವಾದ್ದರಿಂದ ತ್ಬಿಲಿಸಿ, ಅಲ್ಮಾಟಿ, ವಿಲ್ನಿಯಸ್, ರೀಗಾದ ಪತ್ರಾಗಾರಗಳತ್ತ ವಿದ್ಯಾರ್ಥಿಗಳು ತಿರುಗಿದ್ದಾರೆ, ಜೊತೆಗೆ ಅಲ್ಲಿನ ಭಾಷೆಗಳನ್ನೂ ಕಲಿಯಬೇಕಾಗಿದೆ.

ಸಂಘಟಕರಿಗೆ ಇನ್ನೊಂದು ಎಚ್ಚರ ಬೇಕು. ರಷ್ಯಾದ 2015ರ ಕಾಯ್ದೆಯೊಂದು ವಿದೇಶಿ ಸಂಸ್ಥೆಗಳನ್ನು 'ಅನಪೇಕ್ಷಿತ' ಎಂದು ಘೋಷಿಸಲು ಅವಕಾಶ ಕೊಡುತ್ತದೆ, 2021ರಲ್ಲಿ ಅಮೆರಿಕದ ಬಾರ್ಡ್ ಕಾಲೇಜಿಗೆ ಹಾಗಾಯಿತು. ಅಂಥ ಸಂಸ್ಥೆಯ ಕೆಲಸದಲ್ಲಿ ಪಾಲ್ಗೊಂಡ ರಷ್ಯನ್ ಪ್ರಜೆಗಳಿಗೆ ದಂಡ, ಜೈಲು ಎರಡೂ ಬರಬಹುದು. ಆದ್ದರಿಂದ ಮುದ್ರಿತ ಕಾರ್ಯಕ್ರಮದಲ್ಲಿ ಹೆಸರು ಹಾಕುವ ಮುನ್ನ, ಗೋಷ್ಠಿಯ ಧ್ವನಿಮುದ್ರಣ ಮಾಡುವ ಮುನ್ನ ಆ ವ್ಯಕ್ತಿಯ ಒಪ್ಪಿಗೆ ಕೇಳಬೇಕು, ಬೇಡವೆಂದರೆ ಕಾರಣ ಕೇಳಬಾರದು.

ಭಾರತದಿಂದ ಕಳಿಸುವವರಿಗೆ

ದೆಹಲಿಯಲ್ಲಿ 1965ರಲ್ಲಿ ಶುರುವಾದ ರಷ್ಯನ್ ಅಧ್ಯಯನ ಸಂಸ್ಥೆ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿಕೊಂಡಿತು. ಅಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ, ಹೈದರಾಬಾದಿನಲ್ಲಿ ರಷ್ಯನ್ ಕಲಿತವರಿಗೆ ಅಮೆರಿಕದ ಕೂಟವೇ ಗತಿಯಲ್ಲ. ಎಲ್ಲ ದೇಶಗಳ ಸಂಘಗಳು ಸೇರುವ ಅಂತರರಾಷ್ಟ್ರೀಯ ಮಂಡಳಿ 1974ರಲ್ಲಿ ಕೆನಡಾದ ಬ್ಯಾನ್ಫ್‌ನಲ್ಲಿ ಹುಟ್ಟಿತು, ಸುಮಾರು ಐದು ವರ್ಷಕ್ಕೊಮ್ಮೆ ವಿಶ್ವ ಸಮ್ಮೇಳನ ನಡೆಸುತ್ತದೆ. 2015ರದು ಜಪಾನಿನ ಮಕುಹಾರಿಯಲ್ಲಿ, 2025ರದು ಲಂಡನ್ನಿನಲ್ಲಿ ನಡೆಯಿತು. ಅಮೆರಿಕಕ್ಕೇ ಹೋಗುವುದಾದರೆ ಸ್ವೀಕಾರಪತ್ರ ಬಂದ ದಿನವೇ ವೀಸಾ ಸಂದರ್ಶನದ ದಿನಾಂಕ ಹುಡುಕಬೇಕು. ಕಾಯುವ ಅವಧಿ ತಿಂಗಳುಗಟ್ಟಲೆ ಬೆಳೆಯುವುದುಂಟು. ಆನ್‌ಲೈನ್ ಗೋಷ್ಠಿ ಇದೆಯೇ ಎಂದು ಪ್ರಸ್ತಾವನೆ ಕಳಿಸುವ ಮೊದಲೇ ಕೇಳಿ. ಸ್ವೀಕಾರವಾದ ಮೇಲೆ ಕೇಳಿದರೆ ಇಡೀ ಗೋಷ್ಠಿಯನ್ನು ಕಿತ್ತು ಮತ್ತೆ ಜೋಡಿಸಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಅಲ್ಲಿ ಕೊಡಲು ಏನಿದೆ ಎಂಬ ಸಂಕೋಚ ಬೇಕಿಲ್ಲ. ನಿಕಿತಿನ್ ಬರಹದ ವ್ಯಾಖ್ಯಾನಗಳಲ್ಲಿ ದಖ್ಖನಿನ ಸ್ಥಳನಾಮ, ಧಾನ್ಯ, ಜಾತ್ರೆಗಳ ಗುರುತಿಸುವಿಕೆಗೆ ಕಲಬುರಗಿ, ಬೀದರ್, ರಾಯಚೂರಿನ ನೆಲ ಬಲ್ಲವರ ಕಣ್ಣು ಬೇಕು. ಅವನು ಶಿವರಾತ್ರಿಗೆಂದು ಹೋದ 'ಪರ್ವತ' ಶ್ರೀಶೈಲವೆಂದು ವಿದ್ವಾಂಸರು ಗುರುತಿಸುತ್ತಾರೆ. ಬೀದರಿನಿಂದ ಅಲ್ಲಿಗೆ ಹೋಗುವ ಹಳೆಯ ದಾರಿಗಳನ್ನು ತಿಳಿದವರು ಸಿರಿಲಿಕ್ ಓದುವವರ ಪಕ್ಕದಲ್ಲಿ ಕೂತರೆ ಅರ್ಥವಾಗದೆ ಉಳಿದ ಸಾಲುಗಳು ಬಿಡಿಸಿಕೊಳ್ಳಬಹುದು.

ಗೋಷ್ಠಿ ಮುಗಿದ ಸಂಜೆಯೇ, ನೆನಪು ಹಸಿಯಾಗಿರುವಾಗ, ಕೇಳಿದ ಪ್ರಶ್ನೆಗಳನ್ನೂ ಕೇಳಿದವರ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು. ಡಿಸ್ಕಸಂಟ್ ಬಳಿ ಲಿಖಿತ ಟಿಪ್ಪಣಿ ಕೇಳಿದರೆ ಬಹುಮಟ್ಟಿಗೆ ಕೊಡುತ್ತಾರೆ. ವಿದ್ಯಾರ್ಥಿಯಾಗಿದ್ದರೆ ತಿದ್ದಿದ ಪ್ರಬಂಧವನ್ನು ಆ ಸಂಘದ ವಿದ್ಯಾರ್ಥಿ ಸ್ಪರ್ಧೆಗೆ ಕಳಿಸಬಹುದು. ಪ್ರಾದೇಶಿಕ ಸಂಘದಲ್ಲಿ ಗೆದ್ದ ಪ್ರಬಂಧವನ್ನು ರಾಷ್ಟ್ರೀಯ ಸಂಘದ ಪದವೀಧರ ವಿದ್ಯಾರ್ಥಿ ಬಹುಮಾನಕ್ಕೆ ಸಂಘವೇ ಮುಂದಕ್ಕೆ ಕಳಿಸುತ್ತದೆ. ಅದರ ಪುಟಮಿತಿ, ಗಡುವು ಎರಡೂ ಸಮ್ಮೇಳನದ ಪ್ರಬಂಧದ್ದಕ್ಕಿಂತ ಬೇರೆ, ಆದ್ದರಿಂದ ಊರಿಗೆ ಹೊರಡುವ ಮುನ್ನ ಕಾರ್ಯದರ್ಶಿ-ಖಜಾಂಚಿಯನ್ನು ಹುಡುಕಿ ಎರಡನ್ನೂ ಕೇಳಿ ಬರೆದುಕೊಳ್ಳಿ. ನೋಂದಣಿ ಮೇಜಿನ ಹಿಂದೆ ರಸೀದಿ ಪುಸ್ತಕ ಹಿಡಿದು ಕುಳಿತವರು ಬಹುಶಃ ಅವರೇ ಆಗಿರುತ್ತಾರೆ.